ಮುತ್ಯಾನ ಪತ್ರದಲ್ಲಿ ಆಯಿಯ ಹೆಸರೇ ಯಾಕಿಲ್ಲ?

ಪ್ರಶ್ನೆ: ನಮ್ಮದು ಚಿಂಚೋಳಿ ತಾಲೂಕಿನ ಹಳ್ಳಿ. 1971ರ ಯುದ್ಧದ ಹೊತ್ತಿಗೆ ನಮ್ಮ ಮುತ್ಯಾ ಫೌಜಿನಲ್ಲಿದ್ದರು. ಈಗ ಅವರಿಲ್ಲ. ಅವರ ಟ್ರಂಕಿನ ತಳದಲ್ಲಿ ಒಂದು ಕಟ್ಟು ಇನ್‌ಲ್ಯಾಂಡ್ ಪತ್ರ ಸಿಕ್ಕಿವೆ. ಆಗ ನಮ್ಮಪ್ಪ ತೊಟ್ಟಿಲ ಕೂಸು, ಆಯಿ ಬಾಣಂತನಕ್ಕೆ ತವರಲ್ಲಿದ್ದರಂತೆ. ಆಸೆಯಿಂದ ಓದಲು ಕೂತರೆ ಎಲ್ಲವೂ ಆಯಿಯ ಅಪ್ಪನಿಗೆ ಬರೆದವು. ಆಯಿಯ ಹೆಸರಿಲ್ಲ, ಯುದ್ಧದ ಸುದ್ದಿಯೂ ಇಲ್ಲ. ತೊಗರಿ ರಾಶಿ ಆಯ್ತಾ, ಎತ್ತು ಹೇಗಿವೆ, ಕೂಸು ಹುಟ್ಟಿದ ತಾರೀಖು ಬರೆಸಿ ಪೊಲೀಸ್ ಪಾಟೀಲರ ಸಹಿ ಮಾಡಿಸಿ ಕಳಿಸಿ, ಇದನ್ನೇ ಮತ್ತೆ ಮತ್ತೆ ಬರೆದಿದ್ದಾರೆ. ಮುತ್ಯಾಗೆ ಆಯಿ ಮೇಲೆ ಪ್ರೀತಿ ಇರಲಿಲ್ವಾ? ಅವರು ಯಾವ ಗಡಿಯಲ್ಲಿದ್ದರು ಅಂತ ತಿಳಿಯೋದು ಹೇಗೆ? ಕೆಲವು ಪತ್ರಕ್ಕೆ ತಾರೀಖಿಲ್ಲ, ಕೆಲವು ಮಡಿಕೆಯಲ್ಲಿ ಹರಿಯುತ್ತಿವೆ. ಲ್ಯಾಮಿನೇಷನ್ ಮಾಡಿಸಲಾ? ಆಯಿಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಲಾ?

ಉತ್ತರ: ಮೊದಲು ಲ್ಯಾಮಿನೇಷನ್ ವಿಷಯ ಮುಗಿಸಿಬಿಡೋಣ. ಬೇಡ. ಕಲಬುರಗಿಗೆ ಬಂದು ಸೂಪರ್ ಮಾರ್ಕೆಟ್ ಕಡೆ ಹೋದರೆ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ, ನೋಡಲೂ ಚೆನ್ನಾಗಿ ಕಾಣುತ್ತೆ, ಆದರೆ ಆ ಬಿಸಿಗೆ, ಆ ಅಂಟಿಗೆ ಹಳೆ ಕಾಗದ ಒಳಗೇ ಹಾಳಾಗುತ್ತಾ ಹೋಗುತ್ತೆ, ಆಮೇಲೆ ಬಿಡಿಸಲು ಯಾರಿಂದಲೂ ಆಗಲ್ಲ. ಹರಿದಲ್ಲಿ ಸೆಲ್ಲೋ ಟೇಪ್ ಕೂಡ ಹಚ್ಚಬೇಡಿ. ಏನು ಮಾಡಬೇಕು ಅಂತ ಮುಂದೆ ಹೇಳುತ್ತೇನೆ, ಅಲ್ಲಿಯವರೆಗೆ ಪತ್ರಗಳು ಹೇಗಿವೆಯೋ ಹಾಗೇ ಇರಲಿ.

ಈಗ ಪ್ರೀತಿಯ ವಿಷಯ. ಇದಕ್ಕೆ ಉತ್ತರ ಪತ್ರದ ಒಳಗೆ ಹುಡುಕಿದರೆ ಸಿಗಲ್ಲ, ಆ ಪತ್ರವನ್ನ ಯಾರ್ಯಾರು ಓದುತ್ತಿದ್ದರು ಅಂತ ಕೇಳಿಕೊಂಡರೆ ಸಿಗುತ್ತೆ. ಯುದ್ಧದ ಹೊತ್ತಿನಲ್ಲಿ ಜವಾನರು ಬರೆದ ಪತ್ರ ಮುಚ್ಚಿ ಡಬ್ಬಿಗೆ ಹಾಕುವ ಹಾಗಿರಲಿಲ್ಲ. ಯುನಿಟ್ಟಿನಲ್ಲೇ ಸೆನ್ಸಾರ್ ಆಗಬೇಕು. ಎಲ್ಲಿದ್ದೇವೆ, ಎತ್ತ ಹೊರಟಿದ್ದೇವೆ, ಎಷ್ಟು ಜನ ಇದ್ದೇವೆ, ಯಾರು ಸತ್ತರು, ಯಾವ ಹತ್ಯಾರ ಬಂತು, ಒಂದನ್ನೂ ಬರೆಯುವಂತಿಲ್ಲ. ಬರೆದರೆ ಕಪ್ಪು ಮಸಿ ಬೀಳುತ್ತೆ, ಇಲ್ಲವೇ ಪತ್ರವೇ ನಿಲ್ಲುತ್ತೆ. ಅಂದರೆ ಅವರು ಏನು ಬರೆದರೂ ಅದನ್ನ ಮೊದಲು ಓದುವುದು ಸಾಹೇಬರು ಅಂತ ಗೊತ್ತಿಟ್ಟುಕೊಂಡೇ ಪೆನ್ನು ಹಿಡಿಯಬೇಕಿತ್ತು. ಯುದ್ಧದ ಸುದ್ದಿ ಇಲ್ಲದ್ದಕ್ಕೆ ಇಷ್ಟೇ ಕಾರಣ.

ಅಲ್ಲಿಂದ ಪಾರಾದ ಮೇಲೆ ಊರಿನ ಸೆನ್ಸಾರ್ ಶುರು. ಟಪಾಲಿನವನು ಊರಿಗೆ ಬರುವುದೇ ಒಂದು ದೊಡ್ಡ ಸುದ್ದಿ ಆಗಿದ್ದ ಕಾಲ. ಫೌಜಿನಿಂದ ಪತ್ರ ಬಂತು ಅಂದರೆ ಅರ್ಧ ಓಣಿ ಕಟ್ಟೆಗೆ ಬಂದು ಕೂರುತ್ತಿತ್ತು. ಓದಲು ಬಲ್ಲವರು ಒಬ್ಬರೋ ಇಬ್ಬರೋ. ಸಾಲಿ ಮಾಸ್ತರು, ಇಲ್ಲವೇ ಟಪಾಲಿನವನೇ ಜೋರಾಗಿ ಓದುತ್ತಿದ್ದರು. ನಿಮ್ಮ ಆಯಿ ಎಲ್ಲಿರುತ್ತಿದ್ದರು ಹೇಳಿ? ಬಾಣಂತಿ ಕೋಣೆಯಲ್ಲಿ, ಬಾಗಿಲ ಹಿಂದೆ, ಕೂಸನ್ನ ತೊಡೆ ಮೇಲೆ ಹಾಕಿಕೊಂಡು. ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಬಾಯಿಬಿಟ್ಟು ಹೇಳದ ಮನೆತನಗಳಲ್ಲಿ, ಮಾವನ ಎದುರು, ಮಾಸ್ತರರ ಬಾಯಲ್ಲಿ, ಓಣಿ ಮಂದಿಯ ಕಿವಿಗೆ ಬೀಳುವ ಹಾಗೆ "ನಿನ್ನ ನೆನಪು ಆಗುತ್ತೆ" ಅಂತ ಯಾವ ಗಂಡಸು ಬರೆಯುತ್ತಾನೆ? ಬರೆದಿದ್ದರೆ ಆಯಿಗೆ ಖುಷಿಗಿಂತ ನಾಚಿಕೆಯೇ ಜಾಸ್ತಿ ಆಗುತ್ತಿತ್ತು, ಅಲ್ವಾ.

ಆದ್ದರಿಂದ ಈ ಪತ್ರಗಳನ್ನ ಓದುವ ರೀತಿಯೇ ಬೇರೆ. ಮಾವನಿಗೆ ಹೇಳಿದ್ದು ಮಾವನಿಗೆ. ಕೂಸಿನ ಬಗ್ಗೆ ಹೇಳಿದ್ದೆಲ್ಲ ಆಯಿಗೆ. "ಥಂಡಿ ಬಿದ್ದಿದೆ, ಕೂಸನ್ನ ಹೊರಗೆ ತರಬೇಡಿ" ಅಂತ ಇದ್ದರೆ ಅದು ಮಾವನಿಗೆ ಕೊಟ್ಟ ಸಲಹೆ ಅಲ್ಲ, ಕೂಸನ್ನ ಎತ್ತಿಕೊಂಡವಳಿಗೆ ಹೇಳಿದ ಮಾತು. ಅಂಟಿನ ಉಂಡಿ ಮಾಡಿಸಿ ಅಂತ ಮನಿಆರ್ಡರ್ ಕಳಿಸಿದ್ದರೆ ಆ ಉಂಡಿ ತಿನ್ನುವವರು ಯಾರು? ಕಟ್ಟಿನಲ್ಲಿ ಮನಿಆರ್ಡರ್ ಕೂಪನ್‌ಗಳೂ ಇರಬಹುದು, ಚಿಕ್ಕ ಚೀಟಿ ಅಂತ ಬಿಸಾಡಬೇಡಿ. ಕೂಪನ್ನಿನಲ್ಲಿ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತು. ಎಷ್ಟೋ ಸಲ ಪತ್ರಕ್ಕಿಂತ ಅಲ್ಲೇ ಮನಸ್ಸು ಬಿಚ್ಚಿ ಬರೆದಿರುತ್ತಾರೆ, ಯಾಕೆಂದರೆ ರೊಕ್ಕ ಎಣಿಸುವ ಗಡಿಬಿಡಿಯಲ್ಲಿ ಅದನ್ನ ಜೋರಾಗಿ ಓದುವವರು ಕಡಿಮೆ. (ತಿಂಗಳು ತಿಂಗಳು ಒಂದೇ ಮೊತ್ತ ಬಂದಿದ್ದರೆ ಅದು ಫ್ಯಾಮಿಲಿ ಅಲಾಟ್‌ಮೆಂಟ್. ಪಗಾರದಲ್ಲಿ ಇಷ್ಟು ನೇರ ಮನೆಗೆ ಹೋಗಲಿ ಅಂತ ಜವಾನ ಮೊದಲೇ ಬರೆದುಕೊಟ್ಟಿರುತ್ತಾನೆ.)

ಇನ್ನು ಆ ಪೊಲೀಸ್ ಪಾಟೀಲರ ಸಹಿ. ನಿಮಗೆ ಅದು ಬೇಜಾರಿನ ಸಾಲು ಅಂತ ಕಂಡಿರಬೇಕು. ನನ್ನ ಪ್ರಕಾರ ಇಡೀ ಕಟ್ಟಿನಲ್ಲಿ ಅದಕ್ಕಿಂತ ಪ್ರೀತಿಯ ಸಾಲು ಇನ್ನೊಂದು ಇರಲಿಕ್ಕಿಲ್ಲ. ಹೇಗೆ ಅಂದರೆ, ಫೌಜಿನಲ್ಲಿ ಜವಾನನ ಮದುವೆ, ಮಕ್ಕಳು ಹುಟ್ಟಿದ್ದು ಎಲ್ಲ ಕಾಗದದಲ್ಲಿ ಏರಬೇಕು. ಅದಕ್ಕೆ ಪಾರ್ಟ್ ಟೂ ಆರ್ಡರ್ ಅನ್ನುತ್ತಾರೆ. ಕಿಂಡ್ರೆಡ್ ರೋಲ್ ಅಂತ ಮನೆಮಂದಿಯ ಪಟ್ಟಿ ಬೇರೆ ಇರುತ್ತೆ. ಊರಿನಿಂದ ಬರುವ ಸಹಿ ಮಾಡಿದ ಚೀಟಿ ಇಲ್ಲದೆ ಕೂಸಿನ ಹೆಸರು ಅಲ್ಲಿ ಏರುವುದಿಲ್ಲ. ಏರದೇ ಇದ್ದಾಗ ಜವಾನನಿಗೆ ಏನಾದರೂ ಆದರೆ? ಚಿಕ್ಕ ವಯಸ್ಸಿನ ಬಾಣಂತಿ, ಕಂಕುಳಲ್ಲಿ ಕೂಸು, ಪಿಂಚಣಿಗೆ ಅಂತ ಕಚೇರಿ ಕಚೇರಿ ಅಲೆದು ಇದು ಅವರದ್ದೇ ಕೂಸು ಅಂತ ಸಾಬೀತು ಮಾಡಬೇಕು. "ನಾನು ಸತ್ತರೆ" ಅಂತ ಬಾಣಂತಿ ಇರುವ ಮನೆಗೆ ಬರೆಯಲು ಬರುತ್ತಾ? ಬರಲ್ಲ. ಅದಕ್ಕೇ ಸುಮ್ನೆ ತಾರೀಖು, ಸಹಿ ಅಂತ ಪತ್ರ ಪತ್ರಕ್ಕೂ ಕೇಳಿದ್ದಾರೆ. ಹಳ್ಳಿಯಲ್ಲಿ ಕೇಳಿದವರಿಗೆ ಇದು ಸರ್ಕಾರಿ ಕೆಲಸದ ಮಾತು. ಅವರಿಗೆ ಮಾತ್ರ ಗೊತ್ತು ಏನು ಕೇಳುತ್ತಿದ್ದಾರೆ ಅಂತ. ಯಾವ ಪತ್ರದ ನಂತರ ಆ ಮಾತು ನಿಂತಿದೆ ನೋಡಿ, ಆ ಹೊತ್ತಿಗೆ ಚೀಟಿ ತಲುಪಿ ನಿಮ್ಮಪ್ಪನ ಹೆಸರು ಏರಿತ್ತು ಅಂತ ಹೆಚ್ಚುಕಡಿಮೆ ಹೇಳಬಹುದು.

ಮಾತನ್ನ ಹೀಗೆ ಮರೆಯಲ್ಲಿ ಆಡುವುದು ನಮ್ಮ ಸಿಪಾಯಿಗಳಿಗೆ ಹೊಸದಲ್ಲ. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದವರ ಪತ್ರಗಳನ್ನ ಬ್ರಿಟಿಷ್ ಸೆನ್ಸಾರ್ ಅಧಿಕಾರಿಗಳು ಇಂಗ್ಲಿಷಿಗೆ ಮಾಡಿಸಿ ವರದಿ ಬರೆಯುತ್ತಿದ್ದರು. ಆ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಈಗಲೂ ಇವೆ. ಅದರಲ್ಲಿ ಕರಿಮೆಣಸು ಖಾಲಿ ಆಗುತ್ತಾ ಬಂತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಅನ್ನೋ ತರದ ಸುದ್ದಿ ಬರುತ್ತೆ. ಕರಿಮೆಣಸು ಅಂದರೆ ನಮ್ಮವರು, ಕೆಂಪು ಅಂದರೆ ಗೋರಾಗಳು. ಅಧಿಕಾರಿಗಳಿಗೂ ಅದು ಗೊತ್ತಾಗಿತ್ತು, ಅದು ಬೇರೆ ಮಾತು. ನಿಮ್ಮ ಮುತ್ಯಾನ ಎತ್ತು, ತೊಗರಿ ಎಲ್ಲ ಗುಪ್ತ ಭಾಷೆ ಅಂತ ನಾನು ಹೇಳುತ್ತಿಲ್ಲ ಮತ್ತೆ. ತೊಗರಿ ಅಂದರೆ ತೊಗರಿಯೇ. ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ರಾಶಿ. ಮನೆಯ ವರ್ಷದ ರೊಕ್ಕ ಅದರಲ್ಲೇ. ದೂರದಲ್ಲಿ ಕೂತ ರೈತನ ಮಗನಿಗೆ ಅದರ ಚಿಂತೆ ಇರದೆ ಇರುತ್ತಾ.

ಎಲ್ಲಿದ್ದರು ಅಂತ ತಿಳಿಯಲು ಪತ್ರದ ಹೊರಗಿನ ಭಾಗ ನೋಡಿ. ಕಳಿಸಿದವರ ವಿಳಾಸದಲ್ಲಿ ಊರಿನ ಹೆಸರು ಇರಲ್ಲ, ನಂಬರು, ರ‍್ಯಾಂಕು, ಹೆಸರು, ಯುನಿಟ್, ಕೊನೆಗೆ ಕೇರ್ ಆಫ್ 56 ಎ.ಪಿ.ಓ. (ಆರ್ಮಿ ಪೋಸ್ಟ್ ಆಫೀಸ್) ಅಥವಾ 99 ಎ.ಪಿ.ಓ. ಅಂತ ಇರುತ್ತೆ. 99 ಇದ್ದರೆ ಪೂರ್ವದ ಕಡೆ, ಅಂದರೆ ಬಂಗಾಲ, ಅಸ್ಸಾಂ ದಿಕ್ಕು ಅಂತ ಹುಡುಕಲು ಶುರು ಮಾಡಿ. 56 ಇದ್ದರೆ ಪಶ್ಚಿಮ, ಉತ್ತರದ ಕಡೆ ನೋಡಿ. ಆದರೆ ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಇದಕ್ಕಿಂತ ಗಟ್ಟಿ ಸಾಕ್ಷಿ ಟಪಾಲಿನ ಮುದ್ರೆ. ಗುಂಡಗಿನ ಮುದ್ರೆಯಲ್ಲಿ ಎಫ್.ಪಿ.ಓ. ಅಂತ ಇದ್ದು ಒಂದು ನಂಬರು, ತಾರೀಖು ಇರುತ್ತೆ. ಎಫ್.ಪಿ.ಓ. ಅಂದರೆ ಸೇನೆಯ ಜೊತೆಜೊತೆಗೇ ತಿರುಗುವ ಅಂಚೆ ಕಚೇರಿ, ಬ್ರಿಗೇಡು, ಡಿವಿಜನ್ನು ಎಲ್ಲಿ ಹೋದರೆ ಅದೂ ಅಲ್ಲಿಗೆ. ಯಾವ ನಂಬರು ಯಾವಾಗ ಎಲ್ಲಿತ್ತು ಅಂತ ಅಂಚೆಚೀಟಿ ಸಂಗ್ರಹಿಸುವವರು ಪಟ್ಟಿ ಮಾಡಿಟ್ಟುಕೊಂಡಿರುತ್ತಾರೆ. ಮುದ್ರೆ ಮಸುಕಾಗಿದ್ದರೆ ಮೊಬೈಲಿನ ಟಾರ್ಚನ್ನ ಕಾಗದದ ಪಕ್ಕದಿಂದ ಅಡ್ಡಡ್ಡ ಹಿಡಿದು ನೋಡಿ, ಮೇಲಿಂದ ಅಲ್ಲ. ಅಂಕಿ ಒತ್ತಿದ ಗುರುತು ಎದ್ದು ಕಾಣುತ್ತೆ.

ಮುತ್ಯಾನ ಪದಕಗಳು ಮನೆಯಲ್ಲಿ ಇದ್ದರೆ ಅರ್ಧ ಕೆಲಸ ಆಯಿತು ಅಂತಲೇ ತಿಳಿಯಿರಿ. ನಕ್ಷತ್ರದ ಆಕಾರದ್ದು ಇದೆಯಾ ನೋಡಿ. ಪೂರ್ವಿ ಸ್ಟಾರ್ ಪೂರ್ವದ ರಣರಂಗದಲ್ಲಿದ್ದವರಿಗೆ, ಪಶ್ಚಿಮಿ ಸ್ಟಾರ್ ಪಶ್ಚಿಮದವರಿಗೆ. ಸಂಗ್ರಾಮ ಪದಕ ಒಂದೇ ಇದ್ದರೆ ಅದರಿಂದ ಜಾಗ ತಿಳಿಯಲ್ಲ, ಅದು ಆಗ ಸೇವೆಯಲ್ಲಿದ್ದ ಬಹಳ ಜನರಿಗೆ ಸಿಕ್ಕಿದೆ. ಸಮರ ಸೇವಾ ಸ್ಟಾರ್ ಅಥವಾ ರಕ್ಷಾ ಮೆಡಲ್ ಸಿಕ್ಕರೆ ಅವರು 1965ರಲ್ಲೂ ಫೌಜಿನಲ್ಲಿದ್ದರು ಅಂತ ಅರ್ಥ. ಪದಕದ ಮೇಲೆ ಅವರ ನಂಬರು, ಹೆಸರು ಕೆತ್ತಿರುತ್ತೆ, ಹುಡುಕಿ. ಹೊಳೆಯಲಿ ಅಂತ ಹುಣಸೆಹಣ್ಣು ಹಾಕಿ ತಿಕ್ಕಲು ಹೋಗಬೇಡಿ.

ಪತ್ರದ ಒಳಗೂ ಸಣ್ಣ ಸಣ್ಣ ಸುಳಿವು ಇರುತ್ತವೆ. ಸೆನ್ಸಾರಿನವರು ಊರಿನ ಹೆಸರು ಹೊಡೆದು ಹಾಕುತ್ತಾರೆ, ಉಸುಕನ್ನ ಹೊಡೆದು ಹಾಕುವುದಿಲ್ಲ. ಉಣ್ಣುವಾಗ ಬಾಯಲ್ಲಿ ಉಸುಕು ಬರುತ್ತೆ ಅಂತ ಇದ್ದರೆ ರಾಜಸ್ಥಾನ. ಎತ್ತ ನೋಡಿದರೂ ನೀರು, ಮೀನಿನ ವಾಸನೆ ಅಂತ ಇದ್ದರೆ ಪೂರ್ವ. ರೊಟ್ಟಿ ಮರೆತೇ ಹೋಗಿದೆ ಅಂತ ಬರೆದಿದ್ದರೆ ಮಾತ್ರ ಏನೂ ಹೇಳಲಾಗಲ್ಲ, ಜೋಳದ ರೊಟ್ಟಿ ಯಾವ ಗಡಿಯಲ್ಲೂ ಸಿಗುತ್ತಿರಲಿಲ್ಲ.

ತಾರೀಖು ಇಲ್ಲದ ಪತ್ರಗಳಿಗೆ ಬರೋಣ. ಇದು ನನಗೆ ಇಷ್ಟದ ಕೆಲಸ, ಸ್ವಲ್ಪ ಉದ್ದ ಹೇಳುತ್ತೇನೆ. ವಿಳಾಸದಲ್ಲಿ ಪಿನ್ ಕೋಡ್ ಇದೆಯಾ? ಪಿನ್ ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. ನಮ್ಮ ಭಾಗದ್ದು 585ರಿಂದ ಶುರು ಆಗುತ್ತೆ. ಅದು ಇದ್ದರೆ ಆ ಪತ್ರ ಯುದ್ಧದ ಹೊತ್ತಿನದ್ದಲ್ಲ. ಇಲ್ಲದಿದ್ದರೆ ಮಾತ್ರ ಹಳೆಯದು ಅಂತ ಖಾತ್ರಿ ಮಾಡಿಕೊಳ್ಳಬೇಡಿ, ಎಷ್ಟೋ ವರ್ಷ ಜನ ಅದನ್ನ ಬರೆಯುತ್ತಲೇ ಇರಲಿಲ್ಲ. ರಾಜ್ಯದ ಹೆಸರು ಮೈಸೂರು ಅಂತ ಇದ್ದರೆ 1973ರ ನವೆಂಬರ್ 1ಕ್ಕಿಂತ ಮುಂಚಿನದು ಇರಬೇಕು, ಅವತ್ತೇ ಕರ್ನಾಟಕ ಅಂತ ಆಯಿತು. ಜಿಲ್ಲೆ ಎಲ್ಲ ಪತ್ರದಲ್ಲೂ ಗುಲ್ಬರ್ಗ ಅಂತಲೇ ಇರುತ್ತೆ, ಅದರಿಂದ ಉಪಯೋಗ ಇಲ್ಲ. ಬೀಗರಲ್ಲಿ ಯಾರಾದರೂ ಶಹಾಪುರ, ಸುರಪುರದವರು ಇದ್ದು ಅವರಿಗೂ ಗುಲ್ಬರ್ಗ ಜಿಲ್ಲೆ ಅಂತ ಬರೆದಿದ್ದರೆ ತಪ್ಪು ಅಂದುಕೊಳ್ಳಬೇಡಿ, ಯಾದಗಿರಿ ಬೇರೆ ಜಿಲ್ಲೆ ಆಗಿದ್ದು 2010ರಲ್ಲಿ.

ಊರಿನಿಂದ ಮುತ್ಯಾಗೆ ಹೋಗಿ ಅವರು ಕಾಪಾಡಿಕೊಂಡು ವಾಪಸ್ ತಂದ ಲಕೋಟೆಗಳೂ ಕಟ್ಟಿನಲ್ಲಿ ಇರಬಹುದು. ಅವುಗಳ ಮೇಲೆ ಐದು ಪೈಸೆಯ ಒಂದು ಹೆಚ್ಚಿನ ಚೀಟಿ ಹಚ್ಚಿದೆಯಾ ನೋಡಿ. ಕುಟುಂಬ ಯೋಜನೆಯ ಚೀಟಿಯ ಮೇಲೆ ರೆಫ್ಯೂಜಿ ರಿಲೀಫ್ ಅಂತ ಕಪ್ಪಗೆ ಒತ್ತಿರುತ್ತೆ, ಇಲ್ಲವೇ ನಿರಾಶ್ರಿತರ ಚಿತ್ರವೇ ಇರುತ್ತೆ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಖರ್ಚಿಗೆ ಅಂತ ಸರ್ಕಾರ ಟಪಾಲಿನ ಮೇಲೆ ಹಾಕಿದ್ದ ತೆರಿಗೆ ಅದು. 1971ರ ನವೆಂಬರ್ 15ರಿಂದ 1973ರ ಮಾರ್ಚ್ 31ರವರೆಗೆ ಇತ್ತು. ಚೀಟಿ ಇದ್ದರೆ ಆ ಲಕೋಟೆ ಈ ಎರಡು ತಾರೀಖಿನ ನಡುವೆ ಹೋಗಿದ್ದು.

ಆದರೆ ಎಲ್ಲಕ್ಕಿಂತ ಉಪಯೋಗ ಆಗುವುದು ಹಬ್ಬ. ನಮ್ಮ ಮಂದಿ ತಾರೀಖು ಮರೆಯುತ್ತಾರೆ, ಹಬ್ಬ ಮರೆಯಲ್ಲ. ಹೊಲಕ್ಕೆ ಹೋಗಿ ಚರಗ ಚೆಲ್ಲಿದಿರಾ, ಭಜ್ಜಿ, ಸಜ್ಜಿ ರೊಟ್ಟಿ ಮಾಡಿದ್ದಿರಾ ಅಂತ ಎಲ್ಲಾದರೂ ಕೇಳಿದ್ದಾರಾ ಹುಡುಕಿ. ಇದೆಲ್ಲ ಎಳ್ಳಮಾವಾಸ್ಯೆಯ ಮಾತು, 1971ರಲ್ಲಿ ಅದು ಬಿದ್ದದ್ದು ಡಿಸೆಂಬರ್ 17ಕ್ಕೆ. ಯುದ್ಧ ಶುರುವಾಗಿದ್ದು ಡಿಸೆಂಬರ್ 3ರ ಸಂಜೆ, ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಗಿದ್ದು 16ಕ್ಕೆ, ಪಶ್ಚಿಮದ ಗಡಿಯಲ್ಲಿ ಗುಂಡು ನಿಂತಿದ್ದು 17ರ ರಾತ್ರಿ ಎಂಟಕ್ಕೆ. ಅಂದರೆ ನಿಮ್ಮ ಊರಿನವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದ ದಿನವೇ ಯುದ್ಧ ಮುಗಿದಿದೆ. ಈ ಸಲ ಎಳ್ಳಮಾವಾಸ್ಯೆ ಹೇಗೆ ಮಾಡುತ್ತೀರಿ ಅಂತ ಕೇಳಿದ ಪತ್ರ ಇದ್ದರೆ ಅದು ಯುದ್ಧದ ನಡುವೆ ಬರೆದದ್ದು ಇರಬಹುದು, ಹೇಗಾಯಿತು ಅಂತ ಕೇಳಿದ್ದರೆ ಮುಗಿದ ಮೇಲಿನದು. ಇದೇ ರೀತಿ ಕೂಸಿನ ಲೆಕ್ಕವೂ ಹಿಡಿಯಿರಿ. ತೊಟ್ಟಿಲಿಗೆ ಹಾಕಿದ್ದು, ಹೆಸರಿಟ್ಟಿದ್ದು, ಬೋರಲು ಬಿದ್ದದ್ದು, ಹಲ್ಲು ಬಂದದ್ದು, ಜಾವಳ ತೆಗೆಸಿದ್ದು. ನಿಮ್ಮಪ್ಪನ ಹುಟ್ಟಿದ ತಾರೀಖು ಗೊತ್ತಿದ್ದರೆ ಇವನ್ನೆಲ್ಲ ಸಾಲಾಗಿ ಜೋಡಿಸಬಹುದು.

ಒಂದು ಕಿವಿಮಾತು. ಕಟ್ಟಿನಲ್ಲಿ ಉರ್ದು ಅಕ್ಷರದ ಪತ್ರ ಸಿಕ್ಕರೆ ಅದು ಬೇರೆ ಯಾರದ್ದೋ ಅಂತ ಪಕ್ಕಕ್ಕೆ ಇಡಬೇಡಿ. ನಿಜಾಮರ ಕಾಲದಲ್ಲಿ ಸಾಲಿ ಕಲಿತ ನಮ್ಮ ಹಿರಿಯರು ಓದಿದ್ದು ಉರ್ದುವಿನಲ್ಲಿ. ಆಯಿಯ ಅಪ್ಪ ಆ ಕಾಲದವರಾದರೆ ಅಳಿಯನಿಗೆ ಅವರು ಕಳಿಸಿದ ಉತ್ತರ ಅದೇ ಇರಬಹುದು. ಆಳಂದ, ಬಸವಕಲ್ಯಾಣ, ಭಾಲ್ಕಿ ಕಡೆಯಾದರೆ ಮೋಡಿ ಅಕ್ಷರವೂ (ಮರಾಠಿ ಬರೆಯುತ್ತಿದ್ದ ಹಳೆ ಲಿಪಿ) ಬರುತ್ತೆ. ಉರ್ದು ಕೈಬರಹ ಓದುವ ಹಿರಿಯರು ಕಲಬುರಗಿಯಲ್ಲಿ ಬಂದೇ ನವಾಜ್ ದರ್ಗಾದ ಸುತ್ತಮುತ್ತ ಕೇಳಿದರೆ ಸಿಗುತ್ತಾರೆ. ಮೋಡಿ ಓದುವವರು ಕಡಿಮೆ, ಸ್ವಲ್ಪ ತಿರುಗಬೇಕಾಗುತ್ತೆ.

ಕಾಪಾಡುವುದು ಕಷ್ಟ ಏನಲ್ಲ. ಮೊದಲು ಫೋಟೋ ತೆಗೆಯಿರಿ. ಕಿಟಕಿ ಹತ್ತಿರ, ನೆರಳಿನ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಎರಡೂ ಮಗ್ಗಲು, ವಿಳಾಸದ ಭಾಗ ಸೇರಿಸಿ. ಮಸಿ ಮಾಸಿದ್ದರೆ ಫೋಟೋವನ್ನ ಕಪ್ಪು ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿ, ಕಣ್ಣಿಗೆ ಕಾಣದ್ದು ಎಷ್ಟೋ ಕಾಣುತ್ತೆ. ಕಪ್ಪು ಮಸಿ ಬಳಿದ ಸಾಲು ಇದ್ದರೆ ಉಜ್ಜಬೇಡಿ, ಬಾಲ್ ಪೆನ್ನಿನಲ್ಲಿ ಬರೆದಿದ್ದರೆ ಕಾಗದದ ಹಿಂಬದಿಯಲ್ಲಿ ಅಕ್ಷರ ಒತ್ತಿದ ಗುರುತು ಉಳಿದಿರುತ್ತೆ, ಅದೇ ಟಾರ್ಚಿನ ಉಪಾಯ ಮಾಡಿ. ಪೆನ್ಸಿಲ್ಲಿನಲ್ಲಿ ಬರೆದ ಪತ್ರ ಇದ್ದರೆ ಒಂದು ಹನಿ ನೀರೂ ತಾಗದಂತೆ ನೋಡಿಕೊಳ್ಳಿ. ಆಗ ಕಾಪಿಯಿಂಗ್ ಪೆನ್ಸಿಲ್ ಅಂತ ಬರುತ್ತಿತ್ತು, ಒಣಗಿದ್ದಾಗ ಮಾಮೂಲಿ ಪೆನ್ಸಿಲ್ಲಿನ ಹಾಗೆ ಬೂದಿ ಬಣ್ಣ. ತೇವ ತಾಗಿತೋ ನೇರಳೆ ಬಣ್ಣ ಹರಡಿ ಇಡೀ ಸಾಲು ಮುಳುಗುತ್ತೆ. ಕೆಲವು ಅಕ್ಷರ ಈಗಲೇ ನೇರಳೆ ಆಗಿದ್ದರೆ ಅದು ಬರೆಯುವಾಗ ಬಿದ್ದ ಮಳೆಯೋ ಬೆವರೋ, ಇಲ್ಲ ಪೆನ್ಸಿಲ್ ತುದಿ ನಾಲಿಗೆಗೆ ಹಚ್ಚಿ ಬರೆದದ್ದೋ. ಕಣ್ಣೀರು ಅಂತ ಕತೆ ಕಟ್ಟಲು ಮನಸ್ಸಾಗುತ್ತೆ, ಕಟ್ಟಬೇಡಿ.

ಆಮೇಲೆ ಪತ್ರಗಳನ್ನ ಬಿಡಿಸಿ ಚಪ್ಪಟೆಯಾಗಿ ಇಡಿ, ಮತ್ತೆ ಮಡಚಬೇಡಿ, ಹರಿಯುವುದು ಮಡಿಕೆಯಲ್ಲೇ. ಬಿಡಿಸಲು ಬಿರುಸಾಗಿದ್ದರೆ ಮೇ ತಿಂಗಳಲ್ಲಿ ಕೈ ಹಾಕಬೇಡಿ, ನಮ್ಮ ಬ್ಯಾಸಗಿಗೆ ಕಾಗದ ಹಪ್ಪಳ ಆಗಿರುತ್ತೆ. ಮಳೆಗಾಲ ಹಿಡಿದ ಮೇಲೆ ತಾನೇ ಸ್ವಲ್ಪ ಮೆತ್ತಗಾಗುತ್ತೆ, ಆಗ ಮಾಡಿ. ಗಂಜಿ ಹಾಕದ ಹಳೆ ಹತ್ತಿ ಬಟ್ಟೆ, ತೊಳೆದು ಒಣಗಿಸಿದ ಮುತ್ಯಾನ ಧೋತರವೇ ಇದ್ದರೆ ಒಳ್ಳೇದು, ಅದರಲ್ಲಿ ಸುತ್ತಿ ಗೋಡೆಗೆ ತಾಗದ ಜಾಗದಲ್ಲಿ ಎತ್ತರಕ್ಕೆ ಇಡಿ. ಗೆದ್ದಲು ಬರುವುದು ಗೋಡೆಯಿಂದ, ನೆಲದಿಂದ. ಬೇವಿನ ಎಲೆ ಹಾಕುವುದಾದರೆ ಪೂರಾ ಒಣಗಿದ್ದು, ಅದೂ ಬಟ್ಟೆಯ ಹೊರಗೆ. ಪ್ಲಾಸ್ಟಿಕ್ ಚೀಲ ಬೇಡ, ರಬ್ಬರ್ ಬ್ಯಾಂಡ್ ಬೇಡ, ಸ್ಟೇಪ್ಲರ್ ಪಿನ್ನಂತೂ ಬೇಡವೇ ಬೇಡ.

ಆಯಿಗೆ ಓದಿ ಹೇಳಲೇಬೇಕು. ಆದರೆ ಒಂದೇ ದಿನ ಎಲ್ಲ ಓದಿ ಮುಗಿಸಬೇಡಿ, ಮನೆ ಮಂದಿಯನ್ನೆಲ್ಲ ಸೇರಿಸಿ ಕೂರಬೇಡಿ. ಆ ಕಾಲದಲ್ಲಿ ಪತ್ರ ಕೇಳಿದ್ದು ಮಂದಿಯ ನಡುವೆ, ಈಗಲಾದರೂ ಅವರೊಬ್ಬರಿಗೇ ಓದಿ. ಓದುವ ಮುಂಚೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಾ ಅಂತ ಕೇಳಿ, ಬೇಡ ಅಂದರೆ ಬಿಡಿ. ಓದಿ ಆದ ಮೇಲೆ ಪ್ರೀತಿ ಗೀತಿ ಅಂತ ಕೇಳಲು ಹೋಗಬೇಡಿ, ಉತ್ತರ ಬರಲ್ಲ. ಈ ಪತ್ರ ಯಾರು ಓದಿ ಹೇಳಿದ್ದರು, ಉತ್ತರ ಯಾರ ಕೈಲಿ ಬರೆಸಿದಿರಿ, ಬರೆಸುವಾಗ ಏನನ್ನ ಬಿಟ್ಟಿರಿ ಅಂತ ಕೇಳಿ. ಈ ಕೊನೆಯ ಪ್ರಶ್ನೆಗೆ ಅವರಲ್ಲಿ ಬಹಳ ಉತ್ತರ ಇರುತ್ತೆ ಅಂತ ನನಗನಿಸುತ್ತೆ. ಕೇಳಿದ ತಕ್ಷಣ ಹೇಳದಿದ್ದರೆ ಬಿಟ್ಟುಬಿಡಿ, ಮರುದಿನ ಕಾಳು ಹಸನು ಮಾಡುತ್ತಾ ತಾವೇ ಹೇಳುತ್ತಾರೆ.

ಇಷ್ಟಾದ ಮೇಲೂ ಮುತ್ಯಾನ ಪೂರಾ ಸೇವೆಯ ವಿವರ ಬೇಕು ಅಂದರೆ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ, ಮದ್ರಾಸ್ ಇಂಜಿನಿಯರ್ಸ್ ಆದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್, ತೋಪಖಾನೆ ಆದರೆ ನಾಸಿಕ್. ಡಿಸ್ಚಾರ್ಜ್ ಬುಕ್ ಇಲ್ಲವೇ ಆಯಿಯ ಪಿ.ಪಿ.ಓ. (ಪಿಂಚಣಿ ಪಾವತಿಯ ಆದೇಶ ಪತ್ರ) ನೋಡಿದರೆ ನಂಬರು, ರೆಜಿಮೆಂಟು ಎರಡೂ ಸಿಗುತ್ತವೆ. ಅರ್ಜಿ ಆಯಿಯ ಹೆಸರಲ್ಲೇ ಇರಲಿ, ಹೆಬ್ಬೆಟ್ಟಾದರೂ ಪರವಾಗಿಲ್ಲ, ಮೊಮ್ಮಕ್ಕಳ ಅರ್ಜಿಗಿಂತ ಅದಕ್ಕೆ ತೂಕ ಜಾಸ್ತಿ. ಬರೆಯಲು ತೊಡಕಾದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರನ್ನ ಕೇಳಿ, ಮಾಜಿ ಸೈನಿಕರ ಮನೆಯವರ ಇಂಥ ಕೆಲಸ ಅವರಿಗೆ ದಿನದ ರೂಢಿ. ಅರ್ಜಿಯಲ್ಲಿ 1971, 72ರ ಪಾರ್ಟ್ ಟೂ ಆರ್ಡರಿನಲ್ಲಿ ಮಗ ಹುಟ್ಟಿದ ದಾಖಲೆ ಯಾವ ತಾರೀಖಿಗೆ ಏರಿದೆ ಅಂತ ಬೇರೆ ಸಾಲಿನಲ್ಲಿ ಕೇಳಿ. ಜೊತೆಗೆ ಪತ್ರದ ಝೆರಾಕ್ಸ್ ಕಳಿಸಿ, ಮೂಲ ಪತ್ರ ಮಾತ್ರ ಯಾರು ಕೇಳಿದರೂ ಮನೆ ಬಿಟ್ಟು ಹೊರಗೆ ಕೊಡಬೇಡಿ.